ನೀರಿಗೆ ಇಳಿಸಿದ ವಿಮಾನಕ್ಕೆ ‘ಪತನ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ವಿಮಾನದವರ ಭಾಷೆಯಲ್ಲಿ ‘ಡಿಚ್ಚಿಂಗ್’ ಅಂತ ಒಂದು ಮಾತಿದೆ. ಎಂಜಿನ್ ಕೈಕೊಟ್ಟಿರುತ್ತದೆ, ಇಲ್ಲವೇ ಇಂಧನ ಮುಗಿದಿರುತ್ತದೆ. ರನ್‌ವೇವರೆಗೆ ಹೋಗುವುದು ಆಗದ ಮಾತು ಅಂತ ಪೈಲಟ್‌ಗೆ ಗೊತ್ತಾಗುತ್ತದೆ. ಆಗ ವಿಮಾನ ಇನ್ನೂ ಹಿಡಿತದಲ್ಲಿರುವಾಗಲೇ, ಗೊತ್ತಿದ್ದೇ, ಅದನ್ನು ನೀರಿನ ಮೇಲೆ ಇಳಿಸುತ್ತಾರೆ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಕಾವೊ ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ: ವಿಮಾನ ವಿಧಿಯಿಲ್ಲದೆ ನೀರಿನ ಮೇಲೆ ಇಳಿಯುವುದು. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ?

ಸಂದರ್ಭ ಹೀಗಿದೆ ಅಂದುಕೊಳ್ಳಿ. ಒಂದು ಸಣ್ಣ ಜೆಟ್. ವಿಮಾನ ನಿಲ್ದಾಣ ಕಣ್ಣಿಗೆ ಕಾಣುತ್ತಿದೆ, ಆದರೆ ಅಲ್ಲಿವರೆಗೆ ಹೋಗಲಾಗದು. ದಡದ ಪಕ್ಕದಲ್ಲೇ, ಹೆಚ್ಚು ಆಳವಿಲ್ಲದ ಕಡಲಲ್ಲಿ ಪೈಲಟ್ ಅದನ್ನು ಇಳಿಸುತ್ತಾರೆ. ಒಳಗಿದ್ದವರು ಬಾಗಿಲು ತೆರೆದು ಹೊರಗೆ ಬರುತ್ತಾರೆ. ಇದನ್ನು ಸುದ್ದಿ ಮಾಡಲು ಕೂತರೆ ಕೈಗೆ ತಟ್ಟನೆ ಸಿಗುವ ತಲೆಬರಹ ಎರಡೇ. ‘ಸಮುದ್ರಕ್ಕೆ ವಿಮಾನ ಪತನ’, ಇಲ್ಲದಿದ್ದರೆ ‘ಸಮುದ್ರದಲ್ಲಿ ತುರ್ತು ಭೂಸ್ಪರ್ಶ’. ನನಗೆ ಎರಡೂ ಒಗ್ಗುತ್ತಿಲ್ಲ.

ಮೊದಲು ಪತನ. ಪತನ ಅಂದರೆ ಬೀಳುವುದು. ಬೀಳುವುದಕ್ಕೆ ಯಾರ ಕೆಲಸವೂ ಬೇಕಾಗಿಲ್ಲ, ಕೈಬಿಟ್ಟರೆ ಸಾಕು. ಇಲ್ಲಿ ನಡೆಯುವುದು ಅದರ ತದ್ವಿರುದ್ಧ. ಕೊನೆಯ ಗಳಿಗೆವರೆಗೂ ಒಬ್ಬರು ದುಡಿಯುತ್ತಿರುತ್ತಾರೆ. ಚಕ್ರಗಳನ್ನು ಹೊರಗೆ ಬಿಡುವುದಿಲ್ಲ, ಬಿಟ್ಟರೆ ಅವು ಮೊದಲು ನೀರಿಗೆ ಸಿಕ್ಕಿ ಮೂಗನ್ನು ಕೆಳಗೆ ಎಳೆಯುತ್ತವೆ. ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಬಿಟ್ಟು ವೇಗ ತಗ್ಗಿಸುತ್ತಾರೆ. ಎರಡೂ ರೆಕ್ಕೆ ಸಮನಾಗಿರಬೇಕು, ಒಂದು ತುದಿ ಮೊದಲು ತಾಗಿದರೆ ವಿಮಾನ ಗಿರ್ರನೆ ತಿರುಗಿ ಒಡೆಯುತ್ತದೆ. ಮೂಗು ತುಸು ಮೇಲೆ. ದೊಡ್ಡ ಅಲೆಗಳಿದ್ದರೆ ಅವಕ್ಕೆ ಎದುರಾಗಿ ಹೋಗದೆ ಅಲೆಯ ಉದ್ದಕ್ಕೇ ಇಳಿಸಬೇಕು. ಸಣ್ಣ ಜೆಟ್‌ಗಳಲ್ಲಿ ಹೆಚ್ಚಿನವುಗಳ ಎಂಜಿನ್ ಬಾಲದ ಹತ್ತಿರ, ಮೇಲ್ಭಾಗದಲ್ಲಿ ಇರುತ್ತದೆ. ಹಾಗಾಗಿ ದೊಡ್ಡ ವಿಮಾನಗಳಲ್ಲಿ ಆಗುವಂತೆ ರೆಕ್ಕೆಯಡಿಯ ಎಂಜಿನ್ ನೀರನ್ನು ಬಾಚಿಕೊಳ್ಳುವ ಭಯ ಕಡಿಮೆ. ಇಷ್ಟೆಲ್ಲ ಮಾಡಿದರೂ ತಾಗುವಾಗ ವೇಗ ಗಂಟೆಗೆ 150 ಕಿ.ಮೀ. ದಾಟಿಯೇ ಇರುತ್ತದೆ. ಬಾವಿಗೆ ಹಾರುವಾಗ ಲೆಕ್ಕ ತಪ್ಪಿ ಹೊಟ್ಟೆ ಅಡಿಯಾಗಿ ಬಿದ್ದವರಿಗೆ ನೀರು ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ, ಅಲ್ವಾ? ಇಷ್ಟನ್ನೂ ಸೇರಿಸಿ ಸುಮ್ನೆ ‘ಪತನ’ ಅಂದುಬಿಟ್ಟರೆ ಆ ಕೆಲಸವೇ ಕಾಣೆಯಾಗುತ್ತದೆ.

2009ರ ಜನವರಿ 15ರ ಘಟನೆ ನಿಮಗೆ ನೆನಪಿರಬಹುದು. ನ್ಯೂಯಾರ್ಕ್‌ನ ಲಾಗಾರ್ಡಿಯಾ ವಿಮಾನ ನಿಲ್ದಾಣದಿಂದ ಮೇಲೇರಿದ ಏರ್‌ಬಸ್‌ಗೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಸೋತವು. ಮೂರೂವರೆ ನಿಮಿಷದೊಳಗೆ ಪೈಲಟ್‌ಗಳಾದ ಸಲ್ಲನ್‌ಬರ್ಗರ್ ಮತ್ತು ಸ್ಕೈಲ್ಸ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು. ಅದನ್ನು ಯಾರಾದರೂ ‘ಹಡ್ಸನ್ ನದಿಗೆ ವಿಮಾನ ಪತನ’ ಅಂದರೆ ಕೇಳುವವರಿಗೇ ಕಸಿವಿಸಿ ಆಗುತ್ತದೆ.

ಇನ್ನು ಭೂಸ್ಪರ್ಶ. ಇದರ ಬಗ್ಗೆ ನಾನು ನಿಮ್ಮೊಂದಿಗೆ ಜಗಳಕ್ಕೆ ಬರುವ ಮೊದಲು ಎದುರು ಪಕ್ಷದ ವಾದವನ್ನು ನಾನೇ ಹೇಳಿಬಿಡುತ್ತೇನೆ. ‘ಭೂ’ ಇದೆ ಅಂತ ನೀರಿಗೆ ಬಳಸಬಾರದು ಅನ್ನುವುದು ಗಟ್ಟಿ ವಾದವಲ್ಲ. ಎಳ್ಳಿನಿಂದ ಬಂದದ್ದು ಎಣ್ಣೆ. ಆದರೂ ಕೊಬ್ಬರಿ ಎಣ್ಣೆ ಅಂತೀವಿ, ಸೀಮೆಎಣ್ಣೆ ಅಂತೀವಿ, ಯಾರಿಗೂ ಎಳ್ಳು ನೆನಪಾಗುವುದಿಲ್ಲ. ಪದ ಹಳೆಯದಾದಂತೆ ಬೇರು ಮರೆತುಹೋಗುತ್ತದೆ. ಭೂಸ್ಪರ್ಶವೂ ಹಾಗೆ ಸವೆದು ‘ಇಳಿಯುವುದು’ ಅನ್ನುವಷ್ಟೇ ಅರ್ಥಕ್ಕೆ ಬಂದಿದ್ದರೆ ನನ್ನ ತಕರಾರಿಲ್ಲ.

ಆದರೆ ಅದು ಇನ್ನೂ ಅಷ್ಟು ಸವೆದಿಲ್ಲ. ‘ಕಡಲತೀರದಲ್ಲಿ ಜೆಟ್ ತುರ್ತು ಭೂಸ್ಪರ್ಶ’ ಅಂತ ಓದಿ ನೋಡಿ. ಕಣ್ಣಿಗೆ ಬರುವುದು ಮರಳು. ಮರಳಿನ ಮೇಲೆ ಸಣ್ಣ ವಿಮಾನ ಇಳಿಸುವುದು ನಿಜವಾಗಿಯೂ ನಡೆಯುವ ಸಂಗತಿ. ಹಾಗಾಗಿ ಓದುಗರ ತಪ್ಪೇನಿಲ್ಲ. ಮರಳಿಗೋ ನೀರಿಗೋ ಅನ್ನುವುದು ಇಲ್ಲಿ ಸಣ್ಣ ವಿವರವಲ್ಲ, ಅದೇ ಸುದ್ದಿ. ನನ್ನ ಆಕ್ಷೇಪ ಬೇರಿನ ಬಗ್ಗೆ ಅಲ್ಲ, ಓದುವವರ ಕಣ್ಣಿಗೆ ಬರುವ ಚಿತ್ರದ ಬಗ್ಗೆ.

ನನಗನ್ನಿಸುವುದು ಇಷ್ಟು. ಇಲ್ಲಿ ನಾಮಪದ ಹುಡುಕುತ್ತಾ ಕೂರುವುದಕ್ಕಿಂತ ಕ್ರಿಯಾಪದವನ್ನು ಸರಿಯಾಗಿ ಆರಿಸಿಕೊಂಡರೆ ಮುಕ್ಕಾಲು ಪಾಲು ಕೆಲಸ ಆಯಿತು. ಬೀಳು, ಇಳಿ, ಇಳಿಸು, ನುಗ್ಗು, ಜಾರು, ಅಪ್ಪಳಿಸು. ಇವು ಒಂದೊಂದೂ ಬೇರೆ ಬೇರೆ ಕಥೆ ಹೇಳುತ್ತವೆ. ಇಂಗ್ಲಿಷಿನವರು ಒಂದು ನಾಮಪದದಲ್ಲಿ ಅಡಗಿಸಿದ್ದನ್ನು ನಾವು ‘ಇಸು’ ಅನ್ನುವ ಎರಡಕ್ಷರದಲ್ಲಿ ಹೇಳಬಲ್ಲೆವು. ವಿಮಾನ ಇಳಿಯಿತು, ಪೈಲಟ್ ಇಳಿಸಿದರು. ಎರಡನೆಯದರಲ್ಲಿ ಮನುಷ್ಯ ಬಂದ.

ನಡೆದ ಘಟನೆಗಳ ಮೇಲೆ ಇಟ್ಟು ನೋಡಿ. 1968ರ ನವೆಂಬರ್ 22ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನೀರಿಗೆ ಇಳಿಯಿತು. ಮಂಜು ಮುಸುಕಿತ್ತು. ರನ್‌ವೇಗೆ ಇನ್ನೂ ಸುಮಾರು 4 ಕಿ.ಮೀ. ಇತ್ತು. ನೀರು ಎಷ್ಟು ಕಡಿಮೆ ಆಳವಿತ್ತೆಂದರೆ ವಿಮಾನ ತಳಕ್ಕೆ ತಾಗಿ ಕೂತುಬಿಟ್ಟಿತು, ಬಾಗಿಲುಗಳು ನೀರಿನ ಮೇಲೇ ಉಳಿದವು. 107 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಆ ವಿಮಾನವನ್ನು ಎತ್ತಿ, ರಿಪೇರಿ ಮಾಡಿ, ಮತ್ತೆ ಹಾರಿಸಿದರು. ನೋಡಲು ಅಚ್ಚುಕಟ್ಟಾದ ಡಿಚ್ಚಿಂಗ್. ಆದರೆ ಪೈಲಟ್ ಇಳಿಸಲು ಹೊರಟದ್ದು ರನ್‌ವೇಗೆ, ನೀರಿಗಲ್ಲ. ಹಾಗಾಗಿ ಅಲ್ಲಿ ‘ನೀರಿಗೆ ಇಳಿಸಿದರು’ ಅಂದರೆ ತಪ್ಪಾಗುತ್ತದೆ. ‘ನೀರಿಗೆ ಇಳಿಯಿತು’ ಸರಿ. ‘ಬಿತ್ತು’ ಅಂದರೂ ತಪ್ಪೇ. ಒಂದು ‘ಇಸು’ ಬಿಟ್ಟದ್ದಕ್ಕೆ ಅರ್ಥ ಎಷ್ಟು ಸರಿಹೋಯಿತು ನೋಡಿ.

2013ರ ಏಪ್ರಿಲ್ 13ರಂದು ಬಾಲಿಯಲ್ಲಿ ಲಯನ್ ಏರ್‌ನ ಬೋಯಿಂಗ್ 737 ರನ್‌ವೇ ಸಿಗುವ ಮೊದಲೇ ಆಳವಿಲ್ಲದ ನೀರಿಗೆ ಬಡಿದು, ಅದರ ಮೈ ಮುರಿಯಿತು. 108 ಜನರೂ ಬದುಕಿ ಉಳಿದರು. ಅದಕ್ಕೆ ನನ್ನ ಆಯ್ಕೆ ‘ಅಪ್ಪಳಿಸಿತು’. 2023ರ ನವೆಂಬರ್ 20ರಂದು ಹವಾಯಿಯಲ್ಲಿ ಅಮೆರಿಕ ನೌಕಾಪಡೆಯ ಪಿ-8 ವಿಮಾನ ರನ್‌ವೇ ಮೇಲೆ ಇಳಿದೂ ನಿಲ್ಲದೆ ಮುಂದೆ ಹೋಗಿ ಕನಿಯೋಹೆ ಕೊಲ್ಲಿಯ ಹವಳದ ದಿಬ್ಬದ ಮೇಲೆ ಕೂತಿತು. ಒಳಗಿದ್ದ ಒಂಬತ್ತು ಮಂದಿಗೂ ಏನೂ ಆಗಲಿಲ್ಲ. ಇದಕ್ಕೆ ಬೇರೆ ಪದ ಬೇಕೇ ಇಲ್ಲ: ‘ರನ್‌ವೇ ದಾಟಿ ಕಡಲಲ್ಲಿ ಹೋಗಿ ನಿಂತಿತು’. ಈ ‘ಹೋಗಿ ನಿಂತಿತು’ ನನಗೆ ತುಂಬಾ ಇಷ್ಟ. ತನಿಖೆ ಮುಗಿಯುವವರೆಗೆ ಯಾರ ಮೇಲೂ ತಪ್ಪು ಹೊರಿಸದ ಮಾತು ಅದು.

ಅದೇ ಹವಾಯಿಯಲ್ಲಿ, 2018ರ ಡಿಸೆಂಬರ್ 12ರಂದು, ಹೊನೊಲುಲುವಿನಿಂದ ಹಾರಿದ್ದ ಹಾಕರ್ ಹಂಟರ್ ಅನ್ನುವ ಸಣ್ಣ ಜೆಟ್‌ನ ಪೈಲಟ್ ಆಸನ ಸಮೇತ ಹೊರಗೆ ಚಿಮ್ಮಿ ಬದುಕಿದರು. ವಿಮಾನ ಕಡಲಿಗೆ ಬಿತ್ತು. ಇಲ್ಲಿ ‘ಬಿತ್ತು’ ಅಥವಾ ‘ಪತನ’ ಹೇಳಿ ಮಾಡಿಸಿದ ಹಾಗಿದೆ. ಒಳಗೆ ಯಾರೂ ಇರಲಿಲ್ಲವಲ್ಲ, ಇಳಿಸುವವರಾರು?

ಎಲ್ಲಕ್ಕಿಂತ ಕಷ್ಟದ್ದು 1996ರ ನವೆಂಬರ್ 23ರದು. ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767 ಅನ್ನು ಅಪಹರಿಸಿದ್ದರು. ಇಂಧನ ಮುಗಿದು ಎಂಜಿನ್‌ಗಳು ನಿಂತವು. ಕೊಮೊರೊಸ್ ದ್ವೀಪದ ವಿಮಾನ ನಿಲ್ದಾಣ ಹತ್ತಿರದಲ್ಲೇ ಇತ್ತು. ಕಾಕ್‌ಪಿಟ್‌ನಲ್ಲಿ ಅಪಹರಣಕಾರರೊಂದಿಗೆ ಗುದ್ದಾಡುತ್ತಲೇ ಕ್ಯಾಪ್ಟನ್ ಲಿಯುಲ್ ಅಬಾಟೆ ಅದನ್ನು ದಡದ ಹತ್ತಿರದ ಆಳವಿಲ್ಲದ ನೀರಿಗೆ ತಂದರು. ಎಡ ಎಂಜಿನ್ ಮತ್ತು ಎಡ ರೆಕ್ಕೆಯ ತುದಿ ಮೊದಲು ತಾಗಿ ವಿಮಾನ ಛಿದ್ರವಾಯಿತು. 175 ಜನರಲ್ಲಿ 125 ಮಂದಿ ಸತ್ತರು. ಅವರಲ್ಲಿ ಹಲವರು ಲೈಫ್ ಜಾಕೆಟ್‌ಗೆ ಒಳಗೇ ಗಾಳಿ ತುಂಬಿಸಿಕೊಂಡು, ನೀರು ಏರಿದಾಗ ಮೇಲಕ್ಕೆ ತೇಲಿ, ಬಾಗಿಲಿನತ್ತ ಹೋಗಲಾಗದೆ ಸಿಕ್ಕಿಕೊಂಡರು. ಇಳಿಸಿದರೇ, ಬಿತ್ತೇ? ‘ಇಳಿಸಲು ನೋಡಿದರು’ ಅನ್ನುವುದೇ ನನಗೆ ಸರಿ ಕಾಣುತ್ತದೆ. ಪ್ರಯತ್ನಕ್ಕೆ ಒಂದು ಮಾತು, ಫಲಕ್ಕೆ ಇನ್ನೊಂದು ಮಾತು. ಎರಡನ್ನೂ ಒಂದೇ ಪದಕ್ಕೆ ತುರುಕಿದರೆ ಒಂದು ಸುಳ್ಳಾಗುತ್ತದೆ.

ಇಷ್ಟು ಹೇಳಿದ ಮೇಲೂ ತಲೆಬರಹಕ್ಕೆ ಒಂದು ಚಿಕ್ಕ ನಾಮಪದ ಬೇಕು ಅನ್ನುವವರಿದ್ದಾರೆ. ಗೆಳೆಯರ ನಡುವೆ ಓಡಾಡಿದ ಪದಗಳನ್ನು ಹೇಳುತ್ತೇನೆ. ‘ನೀರಿಳಿತ’ ಅಂತ ಒಬ್ಬರು. ಕೇಳಲು ಹಿತವಾಗಿದೆ. ಆದರೆ ಕಡಲ ವಿಷಯದಲ್ಲಿ ಇಳಿತ ಅಂದಕೂಡಲೇ ಉಬ್ಬರ–ಇಳಿತ ನೆನಪಿಗೆ ಬರುತ್ತದೆ. ‘ಕರಾವಳಿಯಲ್ಲಿ ಜೆಟ್ ನೀರಿಳಿತ’ ಅಂದರೆ ಏನು ಅರ್ಥ ಮಾಡಿಕೊಳ್ಳಬೇಕು? ‘ಜಲಸ್ಪರ್ಶ’ ಭೂಸ್ಪರ್ಶದ ತಮ್ಮನಂತಿದೆ, ಆದರೆ ಯಾವುದೋ ಪೂಜೆಯ ವಾಸನೆ ಹೊಡೆಯುತ್ತದೆ. ‘ಜಲಾವತರಣ’ ಬೇಡವೇ ಬೇಡ. ಹಿಂದಿಯಲ್ಲಿ ಅದು ಹೊಸ ಹಡಗನ್ನು ಕಡಲಿಗೆ ಬಿಡುವ ಸಮಾರಂಭಕ್ಕೆ ಬಳಸುವ ಪದ. ನಮ್ಮ ‘ನೀರಿಗಿಳಿಸು’ವಿಗೂ ಸ್ವಲ್ಪ ಈ ತೊಂದರೆ ಇದೆ. ದೋಣಿ ನೀರಿಗಿಳಿಸಿದರು ಅಂದರೆ ಶುಭಕಾರ್ಯ. ಹಾಗಾಗಿಯೇ ‘ನೀರಿನ ಮೇಲೆ ಇಳಿಸಿದರು’ ಅಂತ ‘ಮೇಲೆ’ ಸೇರಿಸುವುದು ಕ್ಷೇಮ ಅನ್ನಿಸುತ್ತದೆ. ಉದ್ದವಾಯಿತು, ನಿಜ. ಆದರೆ ದಾರಿ ತಪ್ಪಿಸುವುದಿಲ್ಲ.

‘ಡಿಚ್ಚಿಂಗ್’ ಅಂತಲೇ ಇಟ್ಟುಕೊಂಡರೆ? ಬೇಡ ಅನ್ನಲಾರೆ, ಪೈಲಟ್‌ಗಳು ಹಾಗೇ ಹೇಳುತ್ತಾರೆ. ಡಿಚ್ ಅಂದರೆ ಹಳ್ಳ, ಚರಂಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯವರ ಆಡುಮಾತಿನಲ್ಲಿ ಅದು ಕಡಲಿಗೇ ಹೆಸರಾಯಿತು. ಕಡಲನ್ನು ಚರಂಡಿ ಅಂದವರ ಧೈರ್ಯ ದೊಡ್ಡದು. ಆದರೆ ಸಾಮಾನ್ಯ ಓದುಗರಿಗೆ ‘ಡಿಚ್’ ಅಂದರೆ ಕೈಕೊಡುವುದು, ಬಿಟ್ಟುಹೋಗುವುದು. ಯಂತ್ರಾನುವಾದಕ್ಕೆ ಕೊಟ್ಟರೆ ‘ಪೈಲಟ್ ವಿಮಾನವನ್ನು ತ್ಯಜಿಸಿದರು’ ಅಂತ ಬರುವ ಅಪಾಯವಿದೆ. ಅಂದರೆ ಕೊನೆವರೆಗೂ ಬಿಡದೆ ಕೂತವರನ್ನು ಬಿಟ್ಟು ಓಡಿದವರನ್ನಾಗಿ ಮಾಡಿದ ಹಾಗೆ! ಇಂಗ್ಲಿಷಿನಲ್ಲೂ ಪ್ರಯಾಣಿಕರ ಮುಂದೆ ವಿಮಾನದ ಸಿಬ್ಬಂದಿ ಈ ಪದ ಎತ್ತುವುದಿಲ್ಲ. ‘ನೀರಿನ ಮೇಲೆ ಇಳಿಯಬೇಕಾಗಿ ಬಂದರೆ’ ಅಂತಲೇ ಅಲ್ಲೂ ಹೇಳುತ್ತಾರೆ. ನಾವ್ಯಾಕೆ ಕಷ್ಟದ ಪದವನ್ನೇ ಹಿಡಿಯಬೇಕು?

ಸಣ್ಣ ಜೆಟ್‌ಗೆ ‘ಲಘು ವಿಮಾನ’ ಅನ್ನುವುದನ್ನೂ ನೋಡಿದ್ದೇನೆ. ಅದು ಒಂದೇ ಎಂಜಿನ್ನಿನ ಪ್ರೊಪೆಲ್ಲರ್ ವಿಮಾನಕ್ಕೆ ಸರಿ. ಲಿಯರ್‌ಜೆಟ್ 35ರಂಥದ್ದು ಪೂರ್ತಿ ತುಂಬಿ ಹೊರಟರೆ 8 ಟನ್ ದಾಟುತ್ತದೆ. ಅದರಲ್ಲಿ ಲಘು ಏನೂ ಇಲ್ಲ. ‘ಸಣ್ಣ ಜೆಟ್’ ಸಾಕು.

ಕೊನೆಗೆ, ‘ಆಳವಿಲ್ಲದ ನೀರು’. ಇಲ್ಲಿ ನಿಮ್ಮ ಸಹಾಯ ನಿಜಕ್ಕೂ ಬೇಕು. ಮೇಲೆಲ್ಲ ನಾನೇ ಅದನ್ನು ಬಳಸಿದ್ದೇನೆ, ಆದರೆ ಅದು ಇಲ್ಲದ್ದನ್ನು ಹೇಳುತ್ತದೆ, ಇರುವುದನ್ನು ಹೇಳುವುದಿಲ್ಲ. ನಮ್ಮಲ್ಲಿ ನೀರನ್ನು ಮೈಯಿಂದ ಅಳೆಯುವ ರೂಢಿ ಇದೆ. ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ, ಆಳುದ್ದ. ವಿಮಾನದ ಸುದ್ದಿಗೆ ಇದು ಎಷ್ಟು ಉಪಯೋಗ ನೋಡಿ. ‘ಸೊಂಟಮಟ್ಟದ ನೀರಿನಲ್ಲಿ ವಿಮಾನ’ ಅಂದರೆ ಪ್ರಯಾಣಿಕರು ನಡೆದೇ ದಡ ಸೇರಬಹುದು ಅಂತ ಹೇಳದೆಯೇ ಗೊತ್ತಾಗುತ್ತದೆ. ದೊಡ್ಡ ದೋಣಿ ಹತ್ತಿರ ಬರಲಾರದು ಅನ್ನುವುದೂ ಗೊತ್ತಾಗುತ್ತದೆ. ತೊಂದರೆ ಏನೆಂದರೆ ಉಬ್ಬರದ ಹೊತ್ತಿಗೆ ಅದೇ ಜಾಗ ಎದೆಮಟ್ಟ ಆಗಿರುತ್ತದೆ, ಬೆಳಗಿನ ಸುದ್ದಿ ಮಧ್ಯಾಹ್ನಕ್ಕೆ ಸುಳ್ಳು.

ಹಾಗಾಗಿ ಕಡಲ ಕೆಲಸ ಬಲ್ಲವರನ್ನು ಕೇಳುತ್ತಿದ್ದೇನೆ. ದಡಕ್ಕೆ ಅಂಟಿಕೊಂಡ, ಉಬ್ಬರದಲ್ಲಿ ತುಂಬಿ ಇಳಿತದಲ್ಲಿ ಕಾಲೂರಬಹುದಾದ ಆ ನೀರಿನ ಪಟ್ಟಿಗೆ ಮೀನುಗಾರರ ಬಾಯಲ್ಲಿ ಒಂದು ಹೆಸರು ಇದ್ದೇ ಇರಬೇಕು. ಗೊತ್ತಿದ್ದವರು ಅದನ್ನು ವಾಕ್ಯದಲ್ಲಿ ಬಳಸಿ ತೋರಿಸಿದರೆ ಉಪಕಾರವಾಗುತ್ತದೆ. ಜೊತೆಗೆ ತಲೆಬರಹಕ್ಕೆ ‘ನೀರಿನ ಮೇಲೆ ಇಳಿಸಿದ ಪೈಲಟ್’ ಅನ್ನುವುದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಅದನ್ನೂ ಬರೆಯಿರಿ.