ಮರು: ‘ಗೇರ್‌ಬಾಕ್ಸ್ ಆಯಿಲ್’ಗೆ ಕನ್ನಡ ಬೇಕು, ನಾಳೆ ಬೋರ್ಡು ಬರೆಸಬೇಕು

> ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಹಳೇ ಅಂಬಾಸಿಡರ್, ಪದ್ಮಿನಿ, ಎಸ್ಟೇಟ್ ಜೀಪುಗಳು ಬರುತ್ತವೆ. ಗೇರ್‌ಬಾಕ್ಸ್ ಆಯಿಲ್ ನೋಡುವುದು, ಆರಿಸುವುದು ಹೇಗೆ ಅಂತ ಗೋಡೆಗೆ ಬೋರ್ಡು ಬೇಕು. ಪೇಂಟರ್ ಬೆಳಿಗ್ಗೆ ಬರುತ್ತಾರೆ. ಆಯಿಲ್, ವಿಸ್ಕಾಸಿಟಿ, ಫಿಲ್ಲರ್ ಪ್ಲಗ್, ಯೆಲ್ಲೋ ಮೆಟಲ್ – ಏನು ಬರೆಸಲಿ?

ಮೊದಲು ಉತ್ತರ, ಜಗಳ ಆಮೇಲೆ. ‘ಗೇರ್‌ಬಾಕ್ಸ್ ಎಣ್ಣೆ’ ಅಂತ ಬರೆಸಿ. ‘ಗೇರು ಎಣ್ಣೆ’ ಮಾತ್ರ ಬೇಡ, ಅದು ಗೋಡಂಬಿ ಸಿಪ್ಪೆಯ ಎಣ್ಣೆ ಆಗಿಬಿಡುತ್ತದೆ.

ಮೇಲೆ ಒಬ್ಬರು ‘ದಂತಚಕ್ರಪೇಟಿಕಾ ತೈಲ’ ಅಂದಿದ್ದಾರೆ. ಅದನ್ನು ಯಾರೂ ಓದುವುದಿಲ್ಲ, ಬಿಡಿ. ಇನ್ನೊಬ್ಬರ ‘ಹಲ್ಲುಗಾಲಿ ಪೆಟ್ಟಿಗೆಯ ಕೀಲೆಣ್ಣೆ’ಯೂ ಆಗದು. ಕೀಲೆಣ್ಣೆ ಒಳ್ಳೆಯ ಪದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಎತ್ತಿನಗಾಡಿಯ ಅಚ್ಚಿಗೆ ಬಳಿಯುತ್ತಿದ್ದದ್ದು ಅದೇ. ಆದರೆ ಅದು ಗ್ರೀಸಿನ ಜಾತಿ. ಗೇರ್‌ಬಾಕ್ಸಿನಲ್ಲಿ ಇರುವುದು ಹರಿಯುವ ಎಣ್ಣೆ, ಹಲ್ಲುಗಳು ಅದರಲ್ಲಿ ಅದ್ದಿಕೊಂಡು ತಿರುಗುತ್ತವೆ. ಕೀಲೆಣ್ಣೆ ಅಂತ ಬರೆದರೆ ಯಾರಾದರೂ ಗ್ರೀಸೇ ತುಂಬಿಯಾರು.

‘ತೈಲವೇ ಸರಿ, ಎಣ್ಣೆ ಅಡುಗೆಮನೆಯದು’ ಅನ್ನುವ ವಾದಕ್ಕೆ ಬುಡವೇ ಇಲ್ಲ. ತೈಲ ಬಂದದ್ದು ತಿಲದಿಂದ. ಎಣ್ಣೆ ಬಂದದ್ದು ಎಳ್ಳು, ನೆಯ್ ಸೇರಿ. ಎರಡರ ಮೂಲವೂ ಎಳ್ಳೇ. ಇಂಗ್ಲಿಷಿನ ಆಯಿಲ್ ಕೂಡ ಹುಟ್ಟಿದ್ದು ಆಲಿವ್ ಎಣ್ಣೆಯ ಹೆಸರಿನಿಂದ. ನೆಲದಿಂದ ತೆಗೆದದ್ದನ್ನು ನಮ್ಮ ಅಜ್ಜಿಯರು ಯಾವ ಪಂಡಿತರನ್ನೂ ಕೇಳದೆ ಸೀಮೆಎಣ್ಣೆ ಅಂದರು, ಅಲ್ವಾ? ಎಣ್ಣೆ ಅಂದರೆ ಜನ ಹೆಂಡ ಅಂದುಕೊಳ್ಳುತ್ತಾರೆ ಅನ್ನುವುದೂ ಸುಮ್ನೆ ಮಾತು. ಹಾಸನದ ಯಾವ ದಿನಸಿ ಅಂಗಡಿಯಲ್ಲೂ ಆ ಗೊಂದಲ ಇಲ್ಲ.

ಹಾಗಾದರೆ ಗೇರ್‌ಬಾಕ್ಸ್ ಯಾಕೆ ಇರಲಿ ಅಂತ ಕೇಳುತ್ತೀರಿ. ನಮ್ಮಲ್ಲಿ ಆ ವಸ್ತು ಇರಲಿಲ್ಲ, ಹೆಸರೂ ಇರಲಿಲ್ಲ, ಎರಡೂ ಒಟ್ಟಿಗೆ ಬಂದವು. ಬಾಬಾಬುಡನ್‌ಗಿರಿಗೆ ಕಾಫಿ ಬಂದದ್ದೂ ಹೀಗೇ, ಅದಕ್ಕೆ ಯಾರೂ ಬೇರೆ ಹೆಸರು ಹುಡುಕುತ್ತಾ ಕೂರಲಿಲ್ಲ. ಎಣ್ಣೆಗೆ ಮಾತ್ರ ನಮ್ಮ ಪದ ಮೊದಲಿನಿಂದಲೂ ಇದೆ. ಇರುವ ಪದವನ್ನು ಕೈಬಿಟ್ಟು ಆಯಿಲ್ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಿಸ್ಕಾಸಿಟಿಗೆ, ಅಂದರೆ ಎಣ್ಣೆ ಎಷ್ಟು ಮಂದ ಅನ್ನುವುದಕ್ಕೆ, ‘ಸ್ನಿಗ್ಧತೆ’ ಪಾಠಪುಸ್ತಕದಲ್ಲಿರಲಿ. ಗೋಡೆಗೆ ‘ಮಂದ’, ‘ತೆಳು’ ಸಾಕು. ಪಕ್ಕದಲ್ಲೇ ಇದನ್ನೂ ಬರೆಸಿ: ಗೇರ್‌ಬಾಕ್ಸ್ ಎಣ್ಣೆಯ 90 ನಂಬರು, ಎಂಜಿನ್ ಎಣ್ಣೆಯ 40 ಅಥವಾ 50ರಷ್ಟೇ ಮಂದ, ಎರಡರ ಅಳತೆ ಬೇರೆ.

ಫಿಲ್ಲರ್ ಪ್ಲಗ್ಗಿಗೆ ‘ತುಂಬುವ ಬಿರಡೆ’. ಬರೀ ಪ್ಲಗ್ ಅಂದರೆ ಸ್ಪಾರ್ಕ್ ಪ್ಲಗ್ ನೆನಪಾಗುತ್ತದೆ. ವಾಕ್ಯ ಹೀಗಿರಲಿ: ‘ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ತುಂಬುವ ಬಿರಡೆ ಬಿಚ್ಚಿ. ಎಣ್ಣೆ ತೂತಿನ ಕೆಳ ಅಂಚಿಗೆ ತಾಗಿರಬೇಕು.’ ಎಣ್ಣೆ ಬಸಿಯುವುದಾದರೂ ತುಂಬುವ ಬಿರಡೆಯನ್ನೇ ಮೊದಲು ಬಿಚ್ಚಬೇಕು, ಅದು ತುಕ್ಕು ಹಿಡಿದು ಕೂತಿದ್ದರೆ ಬಸಿದ ಮೇಲೆ ಹೊಸ ಎಣ್ಣೆ ತುಂಬಲಾಗದೆ ಗಾಡಿ ಅಲ್ಲೇ ನಿಲ್ಲುತ್ತದೆ. ಬಿರಡೆ ಬದಲು ಡಿಪ್‌ಸ್ಟಿಕ್ ಇರುವ ಹಳೇ ಗಾಡಿಗಳೂ ಇವೆ. ಅದಕ್ಕೆ ‘ಅಳತೆ ಕಡ್ಡಿ’.

ಇನ್ನು ಯೆಲ್ಲೋ ಮೆಟಲ್. ದಯವಿಟ್ಟು ‘ಹಳದಿ ಲೋಹ’ ಮಾಡಬೇಡಿ. ಪತ್ರಿಕೆ ಓದುವವರಿಗೆ ಹಳದಿ ಲೋಹ ಅಂದರೆ ಚಿನ್ನ. ‘ಹಿತ್ತಾಳೆ, ಕಂಚು’ ಅಂತ ನೇರವಾಗಿ ಬರೆಸಿ. ಇಡೀ ಬೋರ್ಡಿನಲ್ಲಿ ಇದೇ ಮುಖ್ಯ. ಹಳೇ ಗೇರ್‌ಬಾಕ್ಸುಗಳಲ್ಲಿ ಸಿಂಕ್ರೋ ರಿಂಗು, ಅಂದರೆ ಗೇರ್ ಬದಲಿಸುವಾಗ ಹಲ್ಲುಗಾಲಿಯನ್ನು ಉಜ್ಜಿ ಹಿಡಿದು ವೇಗ ಹೊಂದಿಸುವ ಬಳೆ, ಸಾಮಾನ್ಯವಾಗಿ ಹಿತ್ತಾಳೆ ಇಲ್ಲವೇ ಕಂಚಿನದು. ಜಿಎಲ್ ಅಂದರೆ ಡಬ್ಬದ ಮೇಲೆ ಬರೆಯುವ ಗೇರ್ ಎಣ್ಣೆಯ ದರ್ಜೆ. ಜಿಎಲ್-5 ಎಣ್ಣೆಯಲ್ಲಿ ಗಂಧಕ, ರಂಜಕದ ಸೇರ್ಪಡೆ ಜಾಸ್ತಿ, ಬಿಸಿಯಲ್ಲಿ ಅದು ಆ ರಿಂಗನ್ನು ತಿನ್ನಬಹುದು. ರಿಂಗು ಹಿಡಿಯಬೇಕಾದ ಕಡೆ ಜಾರುವುದೂ ಉಂಟು. ಬಸಿದ ಎಣ್ಣೆಯನ್ನು ಬೆರಳಿಗೆ ತಗೊಂಡು ಬಿಸಿಲಿಗೆ ಹಿಡಿಯಿರಿ. ಹೊಂಬಣ್ಣದ ಸಣ್ಣ ಪುಡಿ ಮಿನುಗಿದರೆ ರಿಂಗು ಸವೆಯುತ್ತಿದೆ ಅಂತ. ಅದಕ್ಕೇ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಜಿಎಲ್-4, ಹಿಂದಿನ ಹೈಪಾಯ್ಡ್ ಹೌಸಿಂಗಿಗೆ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರು ಪೆಟ್ಟಿಗೆಗೆ, ಜಿಎಲ್-5. ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಜಿಎಲ್ ಅನ್ನೂ ಕನ್ನಡಿಸೋಣ ಅನ್ನುವವರು ಇಲ್ಲಿ ಇದ್ದೇ ಇದ್ದಾರೆ. ಮುಟ್ಟಬೇಡಿ. ಗಿರಾಕಿ ಡಬ್ಬದ ಮೇಲೆ ಹುಡುಕುವುದು ಅದನ್ನೇ.

ಬರೆದ ಕರಡನ್ನು ರಾತ್ರಿಯೊಳಗೆ ಇಲ್ಲಿ ಹಾಕಿ. ನೋಡಿ ತಿದ್ದಿ ಕಳಿಸುತ್ತೇನೆ.