‘ಫಲವತ್ತತೆ’, ‘ಬಂಜೆತನ’, ‘ಋತುಕಾಲ’: ಮಗುವನ್ನು ಬಯಸುವ ದಂಪತಿಗೆ ಯಾವ ಪದ?

ವಿರಾಜಪೇಟೆ ಕಡೆಯ ನಮ್ಮ ಮಹಿಳಾ ಸಂಘವು ಮಗುವನ್ನು ಎದುರು ನೋಡುತ್ತಿರುವ ದಂಪತಿಗಳಿಗಾಗಿ ನಾಲ್ಕು ಪುಟದ ಕೈಪತ್ರವೊಂದನ್ನು ಸಿದ್ಧಪಡಿಸುತ್ತಿದ್ದು, ಅದರ ಕನ್ನಡವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನ ತಲೆಬರಹ ‘ನೈಸರ್ಗಿಕವಾಗಿ ಫಲವತ್ತತೆಯನ್ನು ಹೆಚ್ಚಿಸಿಕೊಳ್ಳುವ ವಿಧಾನಗಳು’ ಎಂದಿದೆ. ಅದರೊಳಗಿನ ವೈದ್ಯಕೀಯ ವಿಷಯದಲ್ಲಿ ನನಗೆ ತಕರಾರಿಲ್ಲ. ಪದಗಳ ವಿಚಾರದಲ್ಲಿ ಮಾತ್ರ ಹಲವು ಸಂದೇಹಗಳಿದ್ದು, ಬಲ್ಲವರ ಅಭಿಪ್ರಾಯ ತಿಳಿಯಲು ಅವನ್ನು ಇಲ್ಲಿ ಮಂಡಿಸುತ್ತಿದ್ದೇನೆ.

ಕಾಫಿ, ಕರಿಮೆಣಸು, ಭತ್ತ ಬೆಳೆಯುವ ಕೊಡಗಿನಲ್ಲಿ ‘ಫಲವತ್ತತೆ’ ಎಂಬುದು ಮಣ್ಣಿನ ಮಾತು. ತೋಟಕ್ಕೆ ಸುಣ್ಣ ಹಾಕುವ ಮೊದಲು ಮಾಡಿಸುವ ಮಣ್ಣು ಪರೀಕ್ಷೆಯ ವರದಿಯಲ್ಲಿ ಎಲ್ಲರೂ ಅದನ್ನು ಓದಿದ್ದಾರೆ. ಕರಡಿನ ತಲೆಬರಹವನ್ನಷ್ಟೇ ನೋಡಿದ ಆಶಾ ಕಾರ್ಯಕರ್ತೆಯೊಬ್ಬರು, ‘ಇದು ಕೃಷಿ ಇಲಾಖೆಯದ್ದಾ ಅಕ್ಕ?’ ಎಂದು ಕೇಳಿದರು. ಈ ಗೊಂದಲ ಒಳಪುಟ ತೆರೆದೊಡನೆ ತೀರುವಂಥದ್ದು. ತೀರದಿರುವುದು ಇನ್ನೊಂದು: ಹೆಣ್ಣನ್ನು ಕ್ಷೇತ್ರವೆಂದೂ ಗಂಡನ್ನು ಬೀಜದ ಒಡೆಯನೆಂದೂ ಕಾಣುವ ಹಳೆಯ ಶಾಸ್ತ್ರದ ಎಣಿಕೆ ಈ ಪದದೊಳಗೆ ಉಳಿದುಕೊಂಡಿರುವುದರಿಂದ, ‘ಫಲವತ್ತತೆ ಕಡಿಮೆ’ ಎಂದ ಕೂಡಲೇ ಕೇಳುವವರ ಕಣ್ಣು ಹೆಂಡತಿಯ ಕಡೆಗೆ ತಿರುಗುತ್ತದೆ. ಗರ್ಭ ನಿಲ್ಲದಿರುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆಯಾದ್ದರಿಂದ, ಇಬ್ಬರಿಗೂ ಸಮನಾಗಿ ಅನ್ವಯಿಸುವ ಪದ ಬೇಕು. ‘ಸಂತಾನಶಕ್ತಿ’ ಎಂಬುದು ನನಗೆ ಸರಿಕಾಣುತ್ತದೆ. ‘ಸಂತಾನಶಕ್ತಿ ಹರಣ ಚಿಕಿತ್ಸೆ’ ಎಂಬ ರೂಪದಲ್ಲಿ ಅದು ಗಂಡಿಗೂ ಹೆಣ್ಣಿಗೂ, ಪಂಚಾಯಿತಿಯವರು ಹಿಡಿದೊಯ್ಯುವ ಬೀದಿನಾಯಿಗೂ ಈಗಾಗಲೇ ಬಳಕೆಯಲ್ಲಿದೆ. ಕಳೆಯುವುದಕ್ಕೆ ಇರುವ ಪದ ಕಾಯ್ದುಕೊಳ್ಳುವುದಕ್ಕೆ ಯಾಕಾಗಬಾರದು?

‘ಬಂಜೆತನ’ದ ತೊಡಕು ಇದಕ್ಕಿಂತ ದೊಡ್ಡದು. ಸಂಸ್ಕೃತದ ‘ವಂಧ್ಯಾ’ ಎಂಬುದರಿಂದ ಬಂದ ‘ಬಂಜೆ’ ಸ್ತ್ರೀಲಿಂಗದ ಪದ. ಅದಕ್ಕೆ ಸರಿಜೋಡಿಯಾದ ಪುಲ್ಲಿಂಗ ರೂಪ ನಮ್ಮಲ್ಲಿ ಬೆಳೆಯಲೇ ಇಲ್ಲ. ಗಂಡಿಗೆ ಬಳಸುವ ‘ಷಂಡ’, ‘ನಪುಂಸಕ’ ಎಂಬ ಪದಗಳು ಬೈಗುಳಗಳಾಗಿರುವುದಲ್ಲದೆ ಬೇರೆಯೇ ಸ್ಥಿತಿಯನ್ನು ಹೇಳುತ್ತವೆ: ಲೈಂಗಿಕ ಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳು ಕಡಿಮೆಯಿರಬಹುದು, ಅಥವಾ ಇಲ್ಲದೆಯೂ ಇರಬಹುದು. ಇನ್ನು ಕಾಲದ ವಿಚಾರ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ, ಯಾವ ತಡೆಯನ್ನೂ ಬಳಸದೆ ನಿಯಮಿತವಾಗಿ ಕೂಡಿದರೂ 12 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಗರ್ಭ ನಿಲ್ಲದಿದ್ದರೆ ಅದನ್ನು ಕನ್ನಡದ ವೈದ್ಯಕೀಯ ಬರಹಗಳು ‘ಬಂಜೆತನ’ ಎನ್ನುತ್ತವೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕೆಂಬುದು ಸಾಮಾನ್ಯ ಸಲಹೆ. ಜನರ ಕಿವಿಯಲ್ಲಾದರೋ ‘ಬಂಜೆ’ ಎಂಬುದು ಜೀವಮಾನದ ತೀರ್ಪು. ಮದುವೆಮನೆಗಳಲ್ಲಿ ‘ಏನಾದರೂ ವಿಶೇಷ ಉಂಟಾ?’ ಎಂಬ ಪ್ರಶ್ನೆಗೆ ಉತ್ತರಿಸಿ ದಣಿದು, ಹದಿಮೂರನೆಯ ತಿಂಗಳಲ್ಲಿ ನಮ್ಮ ಕೈಪತ್ರವನ್ನು ತೆರೆಯುವ ಹೆಣ್ಣುಮಗಳಿಗೆ ಆ ಪದವನ್ನು ಓದಿಸಲು ನನಗೆ ಮನಸ್ಸಿಲ್ಲ. ‘ಗರ್ಭ ನಿಲ್ಲುವುದು ತಡವಾಗುವುದು’ ಎಂದು ಬಿಡಿಸಿ ಬರೆದರೆ ನಾಲ್ಕು ಅಕ್ಷರ ಹೆಚ್ಚಾಗುತ್ತವೆ, ಅಷ್ಟೇ.

‘ನೈಸರ್ಗಿಕ’ ಎಂಬುದನ್ನು ಓದಿದವರು ಇಲ್ಲಿ ‘ನಾಟಿ ಮದ್ದು’ ಎಂದೇ ಅರ್ಥಮಾಡಿಕೊಳ್ಳುತ್ತಾರೆ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸದಿಂದ ಹಿಡಿದು ಹೆಸರು ಹೇಳದ ಭಸ್ಮಗಳವರೆಗೆ ಎಲ್ಲವೂ ಆ ಪದದ ನೆರಳಿಗೆ ಬಂದು ನಿಲ್ಲುತ್ತವೆ. ಪಾಯಸದ ಬಗ್ಗೆ ನನಗೆ ಆಕ್ಷೇಪವಿಲ್ಲ, ಸೀಸ ಸೇರಿರಬಹುದಾದ ಭಸ್ಮಗಳ ಬಗ್ಗೆ ಇದೆ. ಅದೂ ಅಲ್ಲದೆ, ಗರ್ಭ ನಿಲ್ಲುವ ಮೊದಲಿನಿಂದಲೇ ಹೆಣ್ಣು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡರೆ ಶಿಶುವಿನ ಬೆನ್ನುಹುರಿಯ ಜನ್ಮದೋಷಗಳ ಅಪಾಯ ತಗ್ಗುತ್ತದೆಂದು ನಾವೇ ಮೂರನೆಯ ಪುಟದಲ್ಲಿ ಹೇಳುತ್ತಿದ್ದೇವೆ. ಮುಖಪುಟದಲ್ಲಿ ‘ನೈಸರ್ಗಿಕ’ ಎಂದಿದ್ದರೆ ಆ ಮಾತ್ರೆಯನ್ನು ಯಾರು ನುಂಗುತ್ತಾರೆ? ‘ಸಹಜ ಹೆರಿಗೆ’ ಎಂಬುದು ಎಲ್ಲರಿಗೂ ತಿಳಿದಿರುವುದರಿಂದ ‘ಸಹಜವಾಗಿ ಮಕ್ಕಳಾಗಲು’ ಎಂದರೆ ಸಾಕೆಂದು ತೋರುತ್ತದೆ.

ನಾನು ಹೆಚ್ಚು ತಲೆಕೆಡಿಸಿಕೊಂಡಿರುವುದು ದಿನಗಳ ವಿಚಾರದಲ್ಲಿ. ಗರ್ಭ ನಿಲ್ಲುವ ಸಾಧ್ಯತೆಯಿರುವುದು ತಿಂಗಳಲ್ಲಿ ಸುಮಾರು ಆರು ದಿನ: ಅಂಡ ಹೊರಬರುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳು. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೆ ಬದುಕಬಲ್ಲದು, ಅಂಡ 12ರಿಂದ 24 ಗಂಟೆ ಮಾತ್ರ. ಕರಡಿನಲ್ಲಿ ಈ ಅವಧಿಯನ್ನು ‘ಋತುಕಾಲ’ ಎಂದು ಕರೆದಿದೆ. ಧರ್ಮಶಾಸ್ತ್ರದಲ್ಲಿ ಋತುಕಾಲವೆಂದರೆ ಮುಟ್ಟಾದ ದಿನದಿಂದ ಹದಿನಾರು ರಾತ್ರಿ, ಅದರಲ್ಲಿ ಮೊದಲ ನಾಲ್ಕು ವರ್ಜ್ಯ. ಆದರೆ ಇಂದಿನ ಕನ್ನಡದಲ್ಲಿ ‘ಋತುಸ್ರಾವ’ವೆಂದರೆ ಮುಟ್ಟು, ‘ಋತುಮತಿ’ಯಾದಳೆಂದರೆ ಮೈನೆರೆದಳು, ಹಾಗಿರುವಾಗ ‘ಋತುಕಾಲದಲ್ಲಿ ಕೂಡಿ’ ಎಂದು ಅಚ್ಚು ಹಾಕಿಸಿದರೆ ಓದುವವರು ಮುಟ್ಟಿನ ದಿನಗಳನ್ನೇ ಹಿಡಿದುಕೊಂಡಾರು. ಹಳೆಯ ಅರ್ಥವನ್ನೇ ಉಳಿಸಿಕೊಂಡರೂ ಲೆಕ್ಕ ಎಲ್ಲರಿಗೂ ಕೂಡಿಬರುವುದಿಲ್ಲ. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಗಳ ಚಕ್ರದವರಿಗೆ ಅದು 14ನೆಯ ದಿನದ ಸುಮಾರಿಗಾದರೆ, 35 ದಿನಗಳ ಚಕ್ರದವರಿಗೆ 21ನೆಯ ದಿನದ ಸುಮಾರಿಗೆ, ಅಂದರೆ ಶಾಸ್ತ್ರದ ಹದಿನಾರು ರಾತ್ರಿಗಳು ಕಳೆದ ಮೇಲೆ. ಹೀಗಾಗಿ ‘ಗರ್ಭ ನಿಲ್ಲುವ ದಿನಗಳು’ ಎಂದು ನೇರವಾಗಿ ಬರೆಯುವುದೇ ಲೇಸೆಂದು ನನ್ನ ತೀರ್ಮಾನ.

ಇದಕ್ಕೆ ಹೊಂದಿಕೊಂಡಂತೆ ಮತ್ತೆರಡು ಪ್ರಶ್ನೆಗಳಿವೆ. ‘ಅಂಡೋತ್ಪತ್ತಿ’ ಎಂಬ ಬಳಕೆಯ ಪದ ಅಂಡ ಹೊಸದಾಗಿ ತಯಾರಾಗುತ್ತದೆಂಬ ಅರ್ಥವನ್ನು ಕೊಡುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅಂಡಗಳು ಅದರ ಅಂಡಾಶಯದಲ್ಲಿರುತ್ತವೆ, ತಿಂಗಳಿಗೊಮ್ಮೆ ಆಗುವುದು ಬಿಡುಗಡೆ. ‘ಅಂಡೋತ್ಸರ್ಗ’ ಸರಿಯಾದರೂ ನಾಲಿಗೆಗೆ ಭಾರ. ಎರಡನೆಯದಾಗಿ, ಆ ದಿನಗಳಲ್ಲಿ ಕಾಣಿಸಿಕೊಳ್ಳುವ, ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ಹಿಗ್ಗುವ ಲೋಳೆಯನ್ನು ಕರಡಿನಲ್ಲಿ ‘ಬಿಳಿ ಸ್ರಾವ’ ಎಂದಿದೆ. ನಮ್ಮ ಹೆಂಗಸರಿಗೆ ‘ಬಿಳಿ ಹೋಗುವುದು’, ‘ಬಿಳಿಸೆರಗು’ ಎಂದರೆ ಕಾಯಿಲೆ. ಗರ್ಭಕ್ಕೆ ಅನುಕೂಲವಾದ ಸೂಚನೆಯನ್ನೇ ರೋಗವೆಂದು ತಿಳಿದು ಅವರು ಮದ್ದಿಗೆ ಓಡಬಾರದಲ್ಲವೇ? ನಾನು ‘ತಿಳಿ ಲೋಳೆ’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತಿದ್ದರೆ ತಿಳಿಸಬೇಕು.

ಗಂಡಸರ ಪುಟದಲ್ಲಿ ‘ಉಷ್ಣವನ್ನು ತಪ್ಪಿಸಿ’ ಎಂಬ ವಾಕ್ಯವಿದೆ. ವೃಷಣಗಳು ಸರಿಯಾಗಿ ಕೆಲಸ ಮಾಡಲು ದೇಹದ ಒಳಗಿನ ತಾಪಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ತಾಪ ಬೇಕಾದ್ದರಿಂದ, ಬಿಸಿನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕೂರುವುದು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ಬೇಡವೆಂಬುದು ಅದರ ತಾತ್ಪರ್ಯ. ಆದರೆ ‘ಉಷ್ಣ’ವೆಂದರೆ ನಮಗೆ ಆಹಾರದ ಗುಣ, ಆ ವಾಕ್ಯವನ್ನು ಓದಿದ ಗಂಡಸು ಹಲಸಿನ ಹಣ್ಣನ್ನೂ ಹಂದಿ ಸಾರನ್ನೂ ಬಿಟ್ಟು, ಲ್ಯಾಪ್‌ಟಾಪನ್ನು ಇದ್ದಲ್ಲೇ ಇಟ್ಟುಕೊಳ್ಳುತ್ತಾನೆ. ‘ಬಿಸಿ’ ಎಂದೋ ‘ಶಾಖ’ ಎಂದೋ ತಿದ್ದಬೇಕು. ಅದೇ ಪುಟದಲ್ಲಿ ‘ವೀರ್ಯ’ ಮತ್ತು ‘ವೀರ್ಯಾಣು’ ಬೆರೆತುಹೋಗಿವೆ. ಹೆಚ್ಚಬೇಕಾದದ್ದು ದ್ರವದ ಪ್ರಮಾಣವಲ್ಲ, ಅದರೊಳಗಿನ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ. ಜನ ‘ಕೌಂಟ್ ಕಮ್ಮಿ’ ಎನ್ನುತ್ತಾರೆ, ಅದನ್ನೇ ಇಟ್ಟುಕೊಂಡರೂ ನನಗೆ ಅಡ್ಡಿಯಿಲ್ಲ. ವೀರ್ಯಾಣು ಬೆಳೆದು ಸಿದ್ಧವಾಗಲು ಎರಡೂವರೆ ತಿಂಗಳಷ್ಟು ಬೇಕಾಗುವುದರಿಂದ, ಬೀಡಿ ಸಿಗರೇಟು ಬಿಟ್ಟು ಕುಡಿತ ಇಳಿಸಿದ್ದರ ಫಲ ‘ಕೂಡಲೇ’ ಕಾಣಿಸುತ್ತದೆಂಬ ಕರಡಿನ ಮಾತನ್ನು ‘ಮೂರು ತಿಂಗಳ ಹೊತ್ತಿಗೆ’ ಎಂದು ಬದಲಿಸಲು ವೈದ್ಯರೂ ಒಪ್ಪಿದ್ದಾರೆ.

ಕಾಫಿಯ ವಿಚಾರವನ್ನು ಬಿಡುವಂತಿಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಣ್ಣು ದಿನಕ್ಕೆ 200 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂಬ ಸಲಹೆಯನ್ನು ಕರಡು ‘ಎರಡು ಲೋಟ’ ಎಂದು ಅನುವಾದಿಸಿದೆ. ಲೋಟದ ಅಳತೆ ಮನೆಮನೆಗೂ ಬೇರೆ. ಮೇಲಾಗಿ ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಇಮ್ಮಡಿ. ‘ಎರಡು ಸಣ್ಣ ಲೋಟ, ಡಿಕಾಕ್ಷನ್ ತೆಳುವಾಗಿರಲಿ’ ಎಂದು ಬರೆದಿದ್ದೇನೆ.

ಬಲ್ಲವರಲ್ಲಿ ಕೊನೆಯ ಕೋರಿಕೆ ಇಷ್ಟು. ಹಸುವಿಗೆ ‘ಬೆದೆಗೆ ಬಂದಿದೆ’, ‘ಗಬ್ಬ ಕಟ್ಟಿದೆ’ ಎಂದು ಅಚ್ಚುಕಟ್ಟಾಗಿ ಹೇಳುವ ಭಾಷೆಯಲ್ಲಿ, ಹೆಣ್ಣಿನ ಅಂಡ ಬಿಡುಗಡೆಗೆ ಮನೆಮಾತಿನ ಪದವೇನಾದರೂ ಇದೆಯೇ? ಅರೆಭಾಷೆ, ಕೊಡವ, ಎರವ ಭಾಷೆಗಳನ್ನಾಡುವವರು ತಮ್ಮ ಅಜ್ಜಿಯರ ಬಾಯಲ್ಲಿ, ಮಕ್ಕಳಾಗದಿರುವುದಕ್ಕೆ ನೋಯಿಸದಂಥ ಮಾತನ್ನು ಕೇಳಿದ್ದರೆ, ಯಾವ ಸಂದರ್ಭದಲ್ಲಿ ಬಳಸುತ್ತಿದ್ದರೆಂಬುದರ ಸಮೇತ ತಿಳಿಸಬೇಕಾಗಿ ವಿನಂತಿ. ಕೊಡಗಿನ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಕೈಪತ್ರ ಅಚ್ಚಿಗೆ ಹೋಗುತ್ತದೆ.