ಲಾರಿ ಅಡಿಗೆ ಹಳೇ ಆಯಿಲ್ ಬೇಡ ಚಿಕ್ಕಪ್ಪಾ

(‘ಮನೆಮಂದಿ’ ವಾಟ್ಸಾಪ್ ಗುಂಪು. ಮೇ ತಿಂಗಳ ಕೊನೆಯ ವಾರ)

ಗಂಗೊಳ್ಳಿ ಚಿಕ್ಕಪ್ಪ: [ಫಾರ್ವರ್ಡ್ ಆದ ವಿಡಿಯೊ] ಮಳೆಗಾಲಕ್ಕೆ ಮುಂಚೆ ಚಾಸಿಸ್‌ಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಹಳೇ ಎಂಜಿನ್ ಆಯಿಲ್ ಹೊಡೆಸಿ. ಹತ್ತು ವರ್ಷ ತುಕ್ಕಿನ ಚಿಂತೆ ಇಲ್ಲ!

ಗಂಗೊಳ್ಳಿ ಚಿಕ್ಕಪ್ಪ: ಎಲ್ಲರೂ ನೋಡಿ. ನಮ್ಮ ಮೀನಿನ ಲಾರಿಗೂ ಈ ವಾರವೇ ಮಾಡಿಸುತ್ತೇನೆ. ಗ್ಯಾರೇಜಿನಲ್ಲಿ ಆಯಿಲ್ ಸುಮ್ನೆ ಕೊಡುತ್ತಾರೆ.

ದೊಡ್ಡ ಮಾವ: ಮಾಡಿಸು. ನಮ್ಮ ಕಾಲದಲ್ಲಿ ಎಲ್ಲ ಲಾರಿಗೂ ಇದೇ.

ನಾನು: ಚಿಕ್ಕಪ್ಪಾ, ದಯವಿಟ್ಟು ಬೇಡ. ಹಳೇ ಆಯಿಲ್ ಅಂದರೆ ಎಂಜಿನ್ ಒಳಗೆ ಸುಟ್ಟು ಬಂದ ಕೊಳೆ. ಅದರಲ್ಲಿ ಆಮ್ಲ ಇದೆ, ಮಸಿ ಇದೆ, ಸವೆದ ಲೋಹದ ಪುಡಿ ಇದೆ. ಕಮಾನಿನ (ಸ್ಪ್ರಿಂಗ್ ಪಟ್ಟಿಯ) ರಬ್ಬರ್ ಬುಷ್‌ಗೆ ತಾಗಿದರೆ ಬುಷ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಲೈನರ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಗಂಗೊಳ್ಳಿ ಚಿಕ್ಕಪ್ಪ: ಬ್ರೇಕ್ ಡ್ರಮ್‌ಗೆ ಗೋಣಿ ಮುಚ್ಚಿ ಹೊಡೆಯುತ್ತಾರೆ ಮಾರಾಯ. ಅಷ್ಟೂ ಗೊತ್ತಿಲ್ವಾ ಅವರಿಗೆ?

ಟೊರೊಂಟೊ ಅಣ್ಣ: ಚಿಕ್ಕಪ್ಪ ಹೇಳುವುದು ಪೂರ್ತಿ ತಪ್ಪಲ್ಲ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಹಾಗಾಗಿ ಗಾಡಿಯ ಅಡಿಗೆ ಆಯಿಲ್ ಸ್ಪ್ರೇ ಮಾಡಿಸುವವರು ತುಂಬಾ ಜನ ಇದ್ದಾರೆ.

ಗಂಗೊಳ್ಳಿ ಚಿಕ್ಕಪ್ಪ: ನೋಡಿ! ಕೆನಡಾದಲ್ಲೇ ಮಾಡುತ್ತಾರೆ.

ನಾನು: ಅಣ್ಣಾ, ಅಲ್ಲಿ ಹೊಡೆಯುವುದು ಎಂಜಿನ್‌ನಿಂದ ಇಳಿಸಿದ ಆಯಿಲ್ಲಾ?

ಟೊರೊಂಟೊ ಅಣ್ಣ: ಅಲ್ಲ. ತುಕ್ಕು ತಡೆಯಲಿಕ್ಕೆಂದೇ ಮಾಡಿದ ತೆಳು ಆಯಿಲ್. ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ್ದೂ ಸಿಗುತ್ತದೆ. ಅದನ್ನೂ ವರ್ಷ ವರ್ಷ ಹೊಡೆಸಬೇಕು. ಹತ್ತು ವರ್ಷ ಅನ್ನುವ ಮಾತು ಇಲ್ಲೂ ಇಲ್ಲ.

ಅತ್ತಿಗೆ: ನನ್ನದೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್‌ಗಳ ಮೀನುಗಾರಿಕೆ ನಿಷೇಧ. ಅಷ್ಟು ದಿನವೂ ಲಾರಿ ನಮ್ಮ ಅಂಗಳದಲ್ಲೇ ನಿಲ್ಲುವುದು. ಆಯಿಲ್ ತೊಟ್ಟಿಕ್ಕಿ, ಮಳೆ ನೀರಿನ ಜೊತೆ ಬಾವಿ ಕಡೆಗೇ ಹೋಗುವುದು. ಅಂಗಳದಲ್ಲಿ ಆ ಲಾರಿ ನಿಲ್ಲಿಸಲು ನಾನು ಬಿಡುವುದಿಲ್ಲ.

ನಾನು: ಅತ್ತಿಗೆ ಹೇಳಿದ್ದು ಸರಿ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ ಅಂತ ಕೇಂದ್ರದ 2016ರ ತ್ಯಾಜ್ಯ ನಿಯಮದಲ್ಲೇ ಇದೆ. ಅದು ಅನುಮತಿ ಇರುವ ಮರುಬಳಕೆ ಘಟಕಕ್ಕೆ ಹೋಗಬೇಕು. ಲಾರಿಯ ಅಡಿಗಲ್ಲ.

ದೊಡ್ಡ ಮಾವ: ಹಾಗಾದರೆ ತುಕ್ಕು ಹಿಡಿಯಲಿ ಅಂತ ಬಿಡುವುದಾ? ಮಾಡಬೇಡ ಅನ್ನುವುದು ಸುಲಭ.

ನಾನು: ಬಿಡುವುದಲ್ಲ ಮಾವ. ಮೊನ್ನೆ ನಾನೇ ಲಾರಿಯ ಅಡಿಗೆ ಮಲಗಿ ನೋಡಿದೆ. ಐಸ್ ಕರಗಿದ ನೀರು ಇಳಿಯುವ ಪೈಪಿನ ಬೆಸುಗೆ ಬಿಟ್ಟಿದೆ. ನೀರು ಟ್ಯಾಂಕಿಗೆ ಹೋಗುವ ಬದಲು ಹಿಂದಿನ ಕ್ರಾಸ್ ಮೆಂಬರ್ (ಚಾಸಿಸ್‌ನ ಅಡ್ಡತೊಲೆ) ಮೇಲೆ ಸುರಿಯುತ್ತಿದೆ. ಅಲ್ಲಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಕಬ್ಬಿಣ ಹಪ್ಪಳದ ಹಾಗೆ ಪದರ ಪದರ ಬೀಳುತ್ತದೆ. ಚಾಸಿಸ್ ಹೊರಗಿಂದ ಕಪ್ಪಗೆ ಚೆನ್ನಾಗೇ ಕಾಣುತ್ತದೆ. ಒಳಮೈಗೆ ಕೈ ಹಾಕಿ, ಉಪ್ಪು ಹಿಡಿದ ಮಣ್ಣು ಹಿಡಿಯಷ್ಟು ಸಿಗುತ್ತದೆ.

ನಾನು: ಆ ಉಪ್ಪೇ ನಮ್ಮ ಶತ್ರು. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಲಾರಿಯನ್ನು ನಿಂತಲ್ಲೇ ತುಕ್ಕು ತಿನ್ನುತ್ತದೆ, ಮಳೆ ಬೀಳಬೇಕೆಂದಿಲ್ಲ. ಉಪ್ಪು ತೊಳೆಯದೆ ಮೇಲೆ ಏನು ಹೊಡೆದರೂ ಉಪ್ಪಿಗೇ ಮುಚ್ಚಳ ಹಾಕಿದ ಹಾಗೆ.

ಕುಂದಾಪುರ ಭಾವ: ಕಾರಿಗೆ ಹೊಡೆಯುವ ಕಪ್ಪು ರಬ್ಬರ್ ಕೋಟಿಂಗ್ ಹಾಕಿಸಿದರೆ?

ನಾನು: ಹೊಸ ಗಾಡಿಗೆ ಸರಿ ಭಾವ. ತುಕ್ಕು ಹಿಡಿದ ಚಾಸಿಸ್‌ಗೆ ಬೇಡ. ಲೋಡ್ ಹಾಕಿದಾಗ ಚಾಸಿಸ್ ಬಾಗುತ್ತದೆ, ತಿರುಚುತ್ತದೆ. ಕೋಟಿಂಗ್ ಬಿರುಕು ಬಿಡುತ್ತದೆ, ನೀರು ಒಳಗೆ ಹೋಗಿ ಕೂರುತ್ತದೆ. ಎಷ್ಟು ತಿಂದಿದೆ ಅಂತ ನೋಡಲಿಕ್ಕೂ ಆಗುವುದಿಲ್ಲ.

ಗಂಗೊಳ್ಳಿ ಚಿಕ್ಕಪ್ಪ: ಸರಿ, ನಿನ್ನ ಲೆಕ್ಕದಲ್ಲಿ ಏನು ಮಾಡಬೇಕು ಹೇಳು.

ನಾನು: ಮೊದಲು ಆ ಪೈಪ್ ರಿಪೇರಿ. ಆಮೇಲೆ ಸಿಹಿನೀರಿನಲ್ಲಿ ವಾಟರ್ ಸರ್ವಿಸ್, ಚಾಸಿಸ್‌ನ ಉದ್ದ ತೊಲೆಯ ಒಳಗಿಂದ. ಕಡಲ ಬದಿಯ ಬಾವಿಯ ನೀರು ಬಾಯಿಗೆ ಹಾಕಿ ನೋಡಿ, ಉಪ್ಪಿದ್ದರೆ ಅದು ಬೇಡ. ಚೆನ್ನಾಗಿ ಒಣಗಿದ ಮೇಲೆ ವೈರ್ ಬ್ರಷ್, ಎಪಾಕ್ಸಿ ಪ್ರೈಮರ್, ಅದರ ಮೇಲೆ ಕಪ್ಪು ಪೇಂಟ್. ಕೈ ಹೋಗದ ಸಂದಿಗೆ ವ್ಯಾಕ್ಸ್ ಸ್ಪ್ರೇ. ನೀರು ಇಳಿಯುವ ತೂತು ಮುಚ್ಚಬಾರದು. ಚಾಸಿಸ್ ನಂಬರ್ ಮೇಲೂ ಪೇಂಟ್ ಬೇಡ, ಗ್ರೀಸ್ ಸಾಕು. ಇಲ್ಲದಿದ್ದರೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪರೀಕ್ಷೆಗೆ) ಹೋದಾಗ ನಂಬರ್ ಹುಡುಕಬೇಕಾಗುತ್ತದೆ.

ದೊಡ್ಡ ಮಾವ: ಇದಕ್ಕೆಲ್ಲ ಖರ್ಚು ಎಷ್ಟು ಜಾಸ್ತಿ ಆಗುತ್ತದೆ ಗೊತ್ತಾ?

ನಾನು: ಆಗುತ್ತದೆ ಮಾವ, ಇಲ್ಲ ಅನ್ನುವುದಿಲ್ಲ. ಆದರೆ ಕ್ರಾಸ್ ಮೆಂಬರ್ ಬದಲಿಸಬೇಕಾದರೆ ಮೇಲಿನ ಬಾಡಿಯನ್ನೇ ಎತ್ತಬೇಕು. ಲಾರಿಗೆ 8 ವರ್ಷ ದಾಟಿತು, ಈಗ ವರ್ಷ ವರ್ಷ ಎಫ್‌ಸಿ. ಅದಕ್ಕಿಂತ ದೊಡ್ಡದು, ಆ ಲಾರಿ ಓಡಿಸುವುದು ನಮ್ಮ ಚಿಕ್ಕಪ್ಪ. ಮರವಂತೆಯ ಹೆದ್ದಾರಿಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ. ಅಲ್ಲಿ ಬ್ರೇಕ್ ಪೈಪಿನ ಕ್ಲಾಂಪ್ ತುಕ್ಕು ಹಿಡಿದು ಕಳಚುವುದು ನನಗೆ ಬೇಡ.

ಅತ್ತಿಗೆ: ಅದನ್ನು ಮೊದಲೇ ಹೇಳಬೇಕಿತ್ತು. ಚಿಕ್ಕಪ್ಪಾ, ನೋಡಿದಿರಾ?

ಗಂಗೊಳ್ಳಿ ಚಿಕ್ಕಪ್ಪ: ನೋಡಿದೆ. ಆದರೆ ಒಣಗಿಸುವುದು ಎಲ್ಲಿ? ಮಳೆ ಬಂದೇ ಬಿಟ್ಟಿತು.

ಕುಂದಾಪುರ ಭಾವ: ನಮ್ಮ ಶೆಡ್ ಖಾಲಿ ಇದೆ. ಎತ್ತರವೂ ಸಾಕು. ಬಾವಿ ನೀರೂ ಸಿಹಿ.

ನಾನು: ಶನಿವಾರ ಲೋಡ್ ಇಳಿಸಿದ ಮೇಲೆ ಸೀದಾ ಅಲ್ಲಿಗೆ ತನ್ನಿ ಚಿಕ್ಕಪ್ಪಾ. ಅಲ್ಲಿ ನಿಲ್ಲಿಸಿದ ಮೇಲೆ ಬ್ರೇಕಿನ ಏರ್ ಟ್ಯಾಂಕಿನಲ್ಲಿ ಸೇರಿದ ನೀರೂ ಬಿಡಿ. ಬ್ರಷ್, ಪ್ರೈಮರ್ ನಾನು ತರುತ್ತೇನೆ.

ಗಂಗೊಳ್ಳಿ ಚಿಕ್ಕಪ್ಪ: ಆಯ್ತು. ಗ್ಯಾರೇಜಿನವನಿಗೆ ಆಯಿಲ್ ಬೇಡ ಅಂತ ಈಗಲೇ ಫೋನ್ ಮಾಡುತ್ತೇನೆ.